ಹುಲಿಗೆಮ್ಮನ ಹೆಸರು ಬರೆದ ಬಾಟಲಿ

ಮಾನ್ವಿಯ ಅಕ್ಕಿ ಗಿರಣಿಗಳ ಮುಂದೆ ಬಸ್ಸು ನಿಧಾನವಾದಾಗ ಕಿಟಕಿಯಿಂದ ಬೆಂದ ಭತ್ತದ ವಾಸನೆ ಬಂತು. ಹಬೆಯಲ್ಲಿ ಬೆಂದು ಅಂಗಳದಲ್ಲಿ ಒಣಗುವ ಭತ್ತಕ್ಕೆ ಒಂದು ಹುಳಿ ವಾಸನೆ ಇರುತ್ತದೆ. ಪಕ್ಕದ ಸೀಟಿನವರು ಮೂಗಿಗೆ ಕರ್ಚೀಫು ಹಿಡಿದರು. ನನಗೆ ಒಂದು ಬೇಸಿಗೆ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಇದೇ ದಾರಿಯಲ್ಲಿ, ಇದೇ ವಾಸನೆಯಲ್ಲಿ, ಹುಲಿಗೆಮ್ಮನ ಪ್ಲಾಸ್ಟಿಕ್ ಬಾಟಲಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಿದ್ದೆ.

ಆಗ ನಾನು ರಾಯಚೂರಿನಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಭಾನುವಾರದ ಪುಟಕ್ಕೆ ಒಂದು ಸರಣಿ ಬರೆಯುವ ಕೆಲಸ ಬಿದ್ದಿತ್ತು: ನಮ್ಮ ಭಾಗದ ಹುಡುಗ ಹುಡುಗಿಯರು ವಿಶ್ವವಿದ್ಯಾಲಯಗಳಲ್ಲಿ ಯಾವ ಯಾವ ವಿಷಯದ ಸಂಶೋಧನೆ ಮಾಡುತ್ತಿದ್ದಾರೆ, ವಾರಕ್ಕೊಬ್ಬರು. ಸಂಪಾದಕರ ಸೂಚನೆ ಎರಡೇ. ಓದುಗನಿಗೆ ಅರ್ಥವಾಗಬೇಕು, ಫೋಟೋ ಇರಬೇಕು.

ಭೌತಶಾಸ್ತ್ರದ ಒಬ್ಬಳು ಶಾಖೋತ್ಪನ್ನ ಕೇಂದ್ರದ ಹಾರುಬೂದಿಯನ್ನು ಇಟ್ಟಿಗೆಗೆ ಬೆರೆಸಿ ಅದು ಎಷ್ಟು ಬಿಸಿ ತಡೆಯುತ್ತದೆ ಎಂದು ಅಳೆಯುತ್ತಿದ್ದಳು. ಅವಳ ಪ್ರಯೋಗಾಲಯದಲ್ಲಿ ದಿನವೂ ಕರೆಂಟು ಹೋಗುತ್ತಿತ್ತು. ಇತಿಹಾಸದವನು ಬದುವಿನ ಮೇಲೆ ಬಿದ್ದ ಶಾಸನದ ಕಲ್ಲಿಗೆ ಒದ್ದೆ ಕಾಗದ ಬಡಿದು ಅಕ್ಷರ ತೆಗೆಯುತ್ತಿದ್ದ. ಆ ಹೊಲದ ಹೆಣ್ಣುಮಗಳು ಒಗೆಯುವ ಬಟ್ಟೆಯ ಗಂಟು ಹಿಡಿದುಕೊಂಡು, ಕಲ್ಲು ಯಾವಾಗ ಖಾಲಿಯಾಗುತ್ತದೋ ಎಂದು ಕಾಯುತ್ತಿದ್ದಳು. ಅರ್ಥಶಾಸ್ತ್ರದವಳು ಭತ್ತ ನಾಟಿ ಮಾಡುವ ಹೆಂಗಸರ ಕೆಲಸದ ಹೊತ್ತನ್ನು ಅಳೆಯಲು ತಾನೂ ಗದ್ದೆಗಿಳಿದು ಬೆನ್ನು ಹಿಡಿದುಕೊಂಡು ಒಂದು ವಾರ ಮಲಗಿದ್ದಳು. ಗಣಿತದವನ ಹತ್ತಿರ ಫೋಟೋ ತೆಗೆಯುವಂಥದ್ದು ಏನೂ ಇರಲಿಲ್ಲ. ನಮ್ಮ ಛಾಯಾಗ್ರಾಹಕ ರಫಿ ಅವನನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, "ಏನರ ಬರೀರಿ ಸರ್, ತುಂಬ ಕಾಣಬೇಕು" ಎಂದ. ಪುಟ ಅಚ್ಚಾದ ಬೆಳಿಗ್ಗೆ ಆ ಹುಡುಗನೇ ಫೋನ್ ಮಾಡಿ, ತಾನು ಬರೆದ ಸಮೀಕರಣ ತಪ್ಪು, ತಿದ್ದುಪಡಿ ಹಾಕಬೇಕು ಎಂದು ಬೇಡಿಕೊಂಡ.

ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ನಾನು ಮಧ್ಯಾಹ್ನ ಊಟ ಮಾಡುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ಮೂವರು ಸಂಶೋಧಕರು ನನ್ನ ಸರಣಿಗೆ ದಾರಿ ತೋರಿಸಿದವರು. ಖಾಜಾ ಕೃಷಿ ಕೀಟಶಾಸ್ತ್ರದವನು. ಹತ್ತಿಕಾಯಿ ಸೀಳಿ ಒಳಗಿನ ಗುಲಾಬಿ ಹುಳ ಎಣಿಸುತ್ತಿದ್ದ. ಮೌನೇಶ ದೇವದುರ್ಗದವನು, ಜಾನಪದ. ಮುದುಕಿಯರು ಹಾಡುವ ಬೀಸುವ ಪದಗಳನ್ನೂ ಮೊಹರಂನ ಅಲಾಯಿ ಹಾಡುಗಳನ್ನೂ ಫೋನಿನಲ್ಲಿ ಹಿಡಿದು ತರುತ್ತಿದ್ದ. ಮೂರನೆಯವಳು ಹುಲಿಗೆಮ್ಮ. ರಸಾಯನಶಾಸ್ತ್ರ, ಕುಡಿಯುವ ನೀರು.

"ಬಂದ್ರು ನೋಡ್ರಿ ನೀರಿನ ಮೇಡಂ," ಖಾಜಾ ಲೋಟ ಎತ್ತಿ ಹಿಡಿಯುತ್ತಿದ್ದ. "ಇದರಾಗ ಏನೇನದ ಹೇಳಿಬಿಡ್ರಿ. ಕುಡ್ಯಾದೋ ಬ್ಯಾಡೋ?"

"ನೀ ಮದ್ಲ ಕೈ ತೊಳಿ. ಹುಳ ಹಿಡದ ಕೈಲೆ ರೊಟ್ಟಿ ಮುರೀತಿ."

"ನನ್ನ ಹುಳ ಮಾನ್ವಿ ನೀರಿಗಿಂತ ಸ್ವಚ್ಛ ಅದಾವ ನೋಡವಾ."

"ಇಬ್ರೂ ಎಣಿಸೋ ಮಂದಿ," ಮೌನೇಶ ನನ್ನ ಕಡೆ ತಿರುಗಿ ಹೇಳುತ್ತಿದ್ದ. "ಮನಷಾರ ಮಾತು ಕೇಳಾಂವ ನಾ ಒಬ್ಬನ ಅದೀನ್ರಿ ಇಲ್ಲಿ."

ಹುಲಿಗೆಮ್ಮನ ಊರು ಹಿರೇಕೊಟ್ನೆಕಲ್ ದಾಟಿ ಒಳಗೆ ಹೋಗುವ ಒಂದು ಹಳ್ಳಿ. ಹೆಸರು ಬರೆಯುತ್ತಿಲ್ಲ, ನೀರಿನ ಸುದ್ದಿಯಲ್ಲಿ ಹೆಸರು ಬಂದ ಊರಿಗೆ ಹೆಣ್ಣು ನೋಡಲು ಬರುವವರು ಕಡಿಮೆಯಾಗುತ್ತಾರೆ. ಕೂಲಿ ಮಾಡುವ ಮನೆ. ತಂದೆ ಇಲ್ಲ. ಅವ್ವ ಈರಮ್ಮನ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು, ಮಂಡಿ ಬಾಗುತ್ತಿರಲಿಲ್ಲ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದ ಕಡೆ ಹುಟ್ಟಿ ಬೆಳೆದವರಿಗೆ ಹೀಗಾಗುತ್ತದೆ. ಹುಲಿಗೆಮ್ಮ ಓದಲು ಹೊರಟದ್ದು ಅದನ್ನೇ.

ಅವಳ ಪ್ರಶ್ನೆ ಸರಳವಾಗಿತ್ತು. ಅವರೂರಿನ ಕೈಪಂಪಿನ ಪಕ್ಕದಲ್ಲಿ ಮಳೆನೀರು ಇಂಗಲೆಂದು ಒಂದು ಹೊಂಡ ತೋಡಿದ್ದರು. ಅದರಿಂದ ಪಂಪಿನ ನೀರಿನ ಫ್ಲೋರೈಡ್ ಇಳಿಯುತ್ತದೆಯೇ, ಇಲ್ಲವೇ? ಹೋಲಿಸಿ ನೋಡಲು, ಹೊಂಡವಿಲ್ಲದ ಕೆಲವು ಊರುಗಳನ್ನು ಮಾನ್ವಿ, ದೇವದುರ್ಗ ತಾಲ್ಲೂಕುಗಳಿಂದ ಆರಿಸಿಕೊಂಡಿದ್ದಳು. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಎಲ್ಲ ಊರುಗಳಲ್ಲೂ ಒಂದೇ ಹೊತ್ತಿಗೆ ನೀರು ಹಿಡಿಯಬೇಕು. ಒಬ್ಬಳೇ ಎಲ್ಲ ಕಡೆ ಇರಲಾಗದು. ಮೊದಲ ಸಲ ತಾನೇ ಹೋಗಿ ಹಿಡಿದು, ಆಮೇಲೆ ಊರಿಗೊಬ್ಬರಿಗೆ ಕಲಿಸಿದ್ದಳು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತೊಳೆದು ಚೆಲ್ಲಬೇಕು. ಬಾಯಿತನಕ ತುಂಬಿ, ಗಾಳಿ ಉಳಿಯದಂತೆ ಮುಚ್ಚಬೇಕು. ಬಿಸಿಲಿಗೆ ಇಡಬಾರದು. ಬೇರೆ ಊರುಗಳಲ್ಲಿ ಯಾವ ಪಂಪು ಎಂಬುದನ್ನು ಕೈ ಮುಟ್ಟಿ ತೋರಿಸಿದ್ದಳು. ತನ್ನೂರಿನಲ್ಲಿ ತುಂಬುವವಳು ಅವ್ವ. ಮನೆ ಮುಂದೆ ಇದ್ದದ್ದು ಒಂದೇ ಪಂಪು. ಅಲ್ಲಿ ತೋರಿಸಿರಲಿಲ್ಲ.

ಫಲಿತಾಂಶ ಚೆನ್ನಾಗಿ ಬಂದಿತ್ತು. ಬೇರೆ ಊರುಗಳ ನೀರು ಇದ್ದಂತೆಯೇ ಇತ್ತು. ಹೊಂಡವಿದ್ದ ಊರಿನಲ್ಲಿ ಮಾತ್ರ ಫ್ಲೋರೈಡ್ ಕಡಿದು ಬಿದ್ದಂತೆ ಇಳಿದಿತ್ತು. ಅವಳ ಮಾರ್ಗದರ್ಶಕರು, ನಿವೃತ್ತಿಗೆ ಹತ್ತಿರವಿದ್ದ ಸೌಮ್ಯ ಮನುಷ್ಯ, "ಇದೇ ನಿನ್ನ ಥೀಸಿಸ್" ಎಂದಿದ್ದರಂತೆ. ಒಮ್ಮೆ ವಿಸ್ತರಿಸಿದ್ದ ನೋಂದಣಿ ಅವಧಿ ಜೂನ್ ಕೊನೆಗೆ ಮುಗಿಯುತ್ತಿತ್ತು, ಮತ್ತೊಮ್ಮೆ ಸಿಗುವಂತಿರಲಿಲ್ಲ. ಬರೆಯುವುದಷ್ಟೇ ಬಾಕಿ ಎಂದುಕೊಂಡಿದ್ದೆವು. ನಾನೂ ಒಂದು ಲೇಖನ ಸಿದ್ಧಮಾಡಿದ್ದೆ. ಶೀರ್ಷಿಕೆಯೂ ಆಗಿತ್ತು: 'ಹೊಂಡ ತೊಳೆದ ವಿಷ'. ಫೋಟೋ ಒಂದು ಬೇಕಿತ್ತು.

ಮೇ ತಿಂಗಳ ಮೊದಲ ಸೋಮವಾರ ರಫಿ, ಹುಲಿಗೆಮ್ಮ ಮತ್ತು ನಾನು ಬೆಳಿಗ್ಗೆ ಆ ಊರು ಮುಟ್ಟಿದೆವು. ಅಷ್ಟು ಹೊತ್ತಿಗೇ ಪಂಪಿನ ಹಿಡಿ ಮುಟ್ಟಲಾಗದಷ್ಟು ಕಾದಿತ್ತು. ಈರಮ್ಮ ನಮಗೆ ಕೂರಲು ಚಾಪೆ ಹಾಸಿ ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟಳು. ರಫಿ ಕುಡಿದು ಕ್ಯಾಮೆರಾ ತೆಗೆದ.

"ಯವ್ವಾ, ಪ್ರತಿ ತಿಂಗಳ ಹ್ಯಾಂಗ ತುಂಬ್ತೀರಿ, ಹಂಗ ತುಂಬ್ರಿ. ನನ್ನ ಕಡೆ ನೋಡಬ್ಯಾಡ್ರಿ."

ಅವಳು ಒಳಗೆ ಹೋಗಿ ಬೇರೆ ಸೀರೆ ಉಟ್ಟು, ಬೆಳಗಿದ ಕೊಡ ಹಿಡಿದು ಬಂದಳು. ಪಂಪಿನ ಮುಂದೆ ನಿಲ್ಲಲಿಲ್ಲ. ಅದನ್ನು ದಾಟಿ, ಬಾಗದ ಕಾಲನ್ನು ಪಕ್ಕಕ್ಕೆ ಎಸೆಯುತ್ತ, ಊರ ಹೊರಗಿನ ದಾರಿ ಹಿಡಿದಳು.

"ಎಲ್ಲಿಗ್ರಿ ಯವ್ವಾ? ಬೋರಿಂಗ್ ಇಲ್ಲೇ ಅದಲ್ಲ," ರಫಿ ಕೂಗಿದ.

"ಇದರ ನೀರು ಯಾರಿಗಿ ಬೇಕೋ ಯಪ್ಪಾ? ಬಾಜೂ ಊರಿಗಿ ಹೋಗಬೇಕು, ಫಿಲ್ಟರ್ ನೀರಿಗಿ."

ಹುಲಿಗೆಮ್ಮ ಬಾಟಲಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಯವ್ವಾ. ಪ್ರತಿ ಸಲ ಅಲ್ಲಿಂದನ ತಂದೀದೇನು?"

"ಮತ್ತೆಲ್ಲಿಂದ ತರ್ಲಿ? ಒಂದು ಸಲ ಆ ಮಷೀನು ಕೆಟ್ಟಿತ್ತು. ರಿಪೇರಿ ಮಾಡೋನು ಬರೋತನಕ ಕುಂತಿದ್ದು, ತುಂಬಕೊಂಡು ಬಂದೀನಿ. ನೀ ಹೇಳಿದಂಗ ಮೂರು ಸಲ ತೊಳದೀನಿ, ಗಾಳಿ ಇಲ್ಲದಂಗ ಮುಚ್ಚೀನಿ. ಯಾಕ, ಏನರ ಕಮ್ಮಿ ಆಗ್ಯದೇನು?"

"ಅಲ್ಲಿಂದ ಯಾಕ ತಂದಿ ಅವ್ವಾ?"

"ಹಿಂಗ ಕೇಳ್ತಾಳ ನೋಡ್ರಿ," ಈರಮ್ಮ ನನ್ನ ಕಡೆ ತಿರುಗಿದಳು. "ದೊಡ್ಡ ದೊಡ್ಡ ಓದಿದವರ ಮುಂದ ಇಡೋ ನೀರು. ಬಾಟ್ಲಿ ಮ್ಯಾಲ ಇಕಿ ಹೆಸರು ಬರದಿರತದ. ಅದರಾಗ ಈ ನೀರು ಹ್ಯಾಂಗ ತುಂಬ್ಲಿ? ಮನಿಗಿ ಬಂದವರಿಗೇ ನಾವು ಇದು ಕೊಡಂಗಿಲ್ಲ."

ಅದು ನಿಜ. ನಾವು ಆಗತಾನೆ ತಂಬಿಗೆಯಲ್ಲಿ ಕುಡಿದದ್ದು ಫಿಲ್ಟರ್ ನೀರು. ಅವರೂರಿನಲ್ಲಿ ಶುದ್ಧ ನೀರಿನ ಘಟಕ ಇರಲಿಲ್ಲ. ಪಕ್ಕದ ಊರಿನಿಂದ ತಂದ ನೀರು ನೆಂಟರಿಗೆ, ಮನೆಯವರಿಗೆ ಪಂಪಿನ ನೀರು. ಮಂಡಿ ಬಾಗದ ಆ ಹೆಂಗಸು ತಿಂಗಳಿಗೊಮ್ಮೆ ಕೂಲಿ ಬಿಟ್ಟು, ಅಷ್ಟು ದೂರ ನಡೆದು, ಮಗಳ ಬಾಟಲಿಗೆ ಮಾತ್ರ ಆ ನೀರು ತಂದಿದ್ದಳು. ಹೊಂಡ ಏನನ್ನೂ ತೊಳೆದಿರಲಿಲ್ಲ.

ಹುಲಿಗೆಮ್ಮ ಬೈಯಲಿಲ್ಲ. "ಚಲೋ ಮಾಡೀದಿ ಅವ್ವಾ. ಇನ್ನಮುಂದ ಈ ಬೋರಿಂಗಿನ ನೀರೇ ತುಂಬು. ಅವರಿಗಿ ಇದೂ ನೋಡಬೇಕಂತ," ಎಂದಳು. ಪಂಪಿನ ಆ ಕಾದ ಹಿಡಿ ಒತ್ತಿ ತಾನೇ ಬಾಟಲಿ ತುಂಬಿದಳು. ರಫಿ ಯಾರೂ ಹೇಳದೆ ಕ್ಯಾಮೆರಾ ಚೀಲದೊಳಗೆ ಇಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ಉಪ್ಪಿನಂಶನೂ ಇಳದಿತ್ರಿ. ಮಳಿನೀರು ಇಂಗ್ಯದ ಅನ್ಕೊಂಡಿದ್ದೆ."

ಆ ಬಾಟಲಿಯನ್ನು ಮರುದಿನ ಪರೀಕ್ಷಿಸಿದಳು. ಫ್ಲೋರೈಡ್ ಮೊದಲ ಸಲ ತಾನೇ ಹಿಡಿದ ನೀರಿನಲ್ಲಿದ್ದಷ್ಟೇ ಇತ್ತು.

ಲೇಖನಕ್ಕೆ ಮಾರ್ಗದರ್ಶಕರ ಹೇಳಿಕೆ ಪಡೆಯಲು ಆ ವಾರ ನಾನು ಅವರ ಕೋಣೆಗೆ ಹೋಗಬೇಕಿತ್ತು. ಹೋದಾಗ ಹುಲಿಗೆಮ್ಮ ಅಲ್ಲೇ ನಿಂತಿದ್ದಳು. ಅವರು ಅವಳ ಮಾತನ್ನು ಕೊನೆಯವರೆಗೂ ಕೇಳಿದರು.

"ಆ ಊರು ತೆಗೆದುಬಿಡು. ಉಳಿದದ್ದು ಸಲ್ಲಿಸು."

"ಹೊಂಡ ಇರೋದು ಅದೊಂದೇ ಊರಾಗ್ರಿ ಸರ್. ಅದು ತಗದ್ರ ನನ್ನ ಪ್ರಶ್ನೇನ ಉಳ್ಯಂಗಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ಇದ್ದಂಗ ಇರಲಿ ಬಿಡು ತಂಗಿ. ನೀ ಬಾಯಿ ಬಿಡದಿದ್ರ ಯಾರಿಗೂ ತಿಳಿಯಂಗಿಲ್ಲ. ನಿನ್ನ ಮನಿ ಪರಿಸ್ಥಿತಿ ನನಗ ಗೊತ್ತದ. ಅದಕ್ಕ ಹೇಳಾಕತ್ತೀನಿ."

"ಹೊಂಡ ತೋಡಿದ್ರ ವಿಷ ಹೋಗತದ ಅಂತ ನಾ ಬರದ್ರ, ನಮ್ಮೂರಿಗಿ ಫಿಲ್ಟರ್ ಯಾರು ಹಾಕ್ತಾರ್ರಿ ಸರ್? ಊರೂರಿಗಿ ಹೊಂಡ ತೋಡಿ ಕೈ ತೊಳಕೋತಾರ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಜೂನ್ ಮುಗಿದ ಮ್ಯಾಲ ನನ್ನ ಕೈಯಾಗ ಏನೂ ಇಲ್ಲ" ಎಂದರು. ನಾನು ಹೇಳಿಕೆ ಕೇಳದೆ ಎದ್ದೆ. ಪುಟದಿಂದ ಲೇಖನ ತೆಗೆಯಲು ಕಚೇರಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಮುಂದಿನ ವಾರಗಳಲ್ಲಿ ಖಾನಾವಳಿಯ ಆ ಮೇಜು ಒಂದು ವಿಚಿತ್ರ ವಿಶ್ವವಿದ್ಯಾಲಯವಾಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಶಾಸ್ತ್ರದಿಂದ ಅವಳಿಗೊಂದು ದಾರಿ ಹುಡುಕಿದರು. ಖಾಜಾ ಪೇಪರಿನ ಅಂಚಿನಲ್ಲಿ ಲೆಕ್ಕ ಬರೆದು ತೋರಿಸಿದ. "ಹೊಲದಾಗ ಒಂದು ಪ್ಲಾಟು ದನ ಮೇದು ಹಾಳಾದ್ರ, ಅದರ ಇಳುವರಿ ಅಂದಾಜು ಮಾಡಾಕ ಒಂದು ಸೂತ್ರ ಅದ. ಉಳಿದ ಪ್ಲಾಟಿನ ಮ್ಯಾಲ ನಿಂತು ಹೇಳತದ."

"ನಿಂದು ಒಂದು ಪ್ಲಾಟು ಹೋಗಿರತದ ಖಾಜಾ. ನಂದು ಹೊಲಾನ ಹೋಗ್ಯದ."

ಆಮೇಲೆ ಯಾರಿಗೋ ನೀರು ಕಾಯಿಸುವ ಹಂಡೆ ನೆನಪಾಯಿತು. ಪಂಪಿನ ನೀರನ್ನು ವರ್ಷಗಟ್ಟಲೆ ಕಾಯಿಸಿದ ಹಂಡೆಯ ಒಳಗೆ ಬಿಳಿ ಉಪ್ಪು ಪದರ ಪದರವಾಗಿ ಕಟ್ಟುತ್ತದೆ. ಒಂದೊಂದು ಪದರ ಒಂದೊಂದು ಕಾಲದ್ದಾದರೆ? ಹುಲಿಗೆಮ್ಮ ಮನೆ ಮನೆಗೆ ಹೋಗಿ ಉಳಿಯಿಂದ ಕೆತ್ತಿ ತಂದಳು. ಭೂಗರ್ಭಶಾಸ್ತ್ರದ ಗೆಳೆಯನೊಬ್ಬ ಅದನ್ನು ಮಸೂರದ ಕೆಳಗಿಟ್ಟು ಬಹಳ ಹೊತ್ತು ನೋಡಿದ. ಹೊರಳಿಸಿ ಮತ್ತೆ ನೋಡಿದ. ಪದರಗಳು ಒಂದರೊಳಗೊಂದು ಸೇರಿಹೋಗಿವೆ, ಬಿಡಿಸಲಾಗದು ಎಂದ. ಮೌನೇಶ ಫೋನು ಹಿಡಿದು ಅವಳ ಊರಿಗೇ ಹೋದ. ಹೊಂಡವಾದ ಮೇಲೆ ನೀರಿನ ರುಚಿ ಬದಲಾಯಿತೇ ಎಂದು ಹೆಂಗಸರನ್ನು ಕೇಳಿದ. ಒಬ್ಬಳು ಸಿಹಿಯಾಯಿತು ಎಂದಳು, ಒಬ್ಬಳು ಮೊದಲೇ ಚೆನ್ನಾಗಿತ್ತು ಎಂದಳು. ಮಗಳು ಬಾಣಂತನಕ್ಕೆ ಬಂದ ತಿಂಗಳು ಮಾತ್ರ ನೀರು ಬಹಳ ರುಚಿಯಿತ್ತು ಎಂದು ಮತ್ತೊಬ್ಬಳು ಹೇಳಿದಳು. ಅವನಿಗೆ ಅದು ಎಷ್ಟು ಒಳ್ಳೆಯ ಸಾಮಗ್ರಿ ಎನಿಸಿತೋ, ಹುಲಿಗೆಮ್ಮನಿಗೆ ಅಷ್ಟೇ ನಿರುಪಯೋಗಿ.

ಜಗಳವಾದದ್ದು ಜೂನ್ ಹಿಡಿದ ಮೇಲೆ. ಮಳೆ ಬಂದಿರಲಿಲ್ಲ. ಖಾನಾವಳಿಯ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಮೌನೇಶ ಬಹಳ ದಿನ ತಡೆದುಕೊಂಡಿದ್ದ ಮಾತು ಹೊರಗೆ ಬಂತು.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನಿಮ್ಮ ವಿಭಾಗದಾಗ ಇದು ತಪ್ಪು. ನಮ್ಮ ವಿಭಾಗದಾಗ ಇದೇ ವಿಷಯ. ಹೊರಗಿನವರಿಗಿ ಯಾವ ನೀರು, ಮನಿಯವರಿಗಿ ಯಾವ ನೀರು. ನಿಮ್ಮವ್ವ ಮಾಡಿದ್ದರ ಮ್ಯಾಲ ಇಡೀ ಪ್ರಬಂಧ ಬರೀಬಹುದು."

ಹುಲಿಗೆಮ್ಮ ತಾಟು ದೂಡಿದಳು. "ನಮ್ಮವ್ವ ನಿನ್ನ ವಿಷಯ ಅಲ್ಲ."

"ಅಕಿ ಹಾಡಿದ ಬೀಸೋ ಪದ ನಾ ಬರಕೊಂಡಾಗ ನೀನೇ ಖುಷಿಪಟ್ಟಿದ್ದೆಲ್ಲ?"

"ಹಾಡು ಅಕಿ ಕೊಟ್ಟಿದ್ದು ಮೌನೇಶ. ಇದು ಅಕಿ ಕೊಟ್ಟಿಲ್ಲ. ಏನಾಗ್ಯದಂತ ಅಕಿಗಿ ಗೊತ್ತೇ ಇಲ್ಲ. ನೀ ಬರದಿ ಅಂದ್ರ ಯಾರರ ಒಂದಿನ ಅಕಿ ಮುಂದ ಓದತಾರ."

ಖಾಜಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದ. ಮೌನೇಶ ಎದ್ದು ಕೈ ತೊಳೆಯಲು ಹೋಗಿ, ಹಾಗೇ ಹೊರಗೆ ನಡೆದ.

ಅವಧಿ ಮುಗಿಯುವ ದಿನ ನಾನು ಬೇರೆ ಕೆಲಸಕ್ಕೆ ವಿಶ್ವವಿದ್ಯಾಲಯದ ಕಡೆ ಹೋಗಿದ್ದೆ. ವಿಭಾಗದ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಒಳಗೆ ಹೋಗಲು ಬಂದವಳೋ, ಹೋಗಿ ಬಂದವಳೋ ಕೇಳಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ.

"ನಿಮ್ಮ ಪುಟದಾಗ ನನ್ನ ಜಾಗದಾಗ ಏನು ಹಾಕಿದ್ರಿ ಸರ್?"

"ಗಣಿತದವನ ತಿದ್ದುಪಡಿ."

ಅವಳು ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ. ಆಮೇಲೆ ಮುಖವನ್ನು ಮೊಣಕಾಲ ಮೇಲಿಟ್ಟುಕೊಂಡಳು. ಕಚೇರಿಯ ಗುಮಾಸ್ತರು ಬಾಗಿಲು ಹಾಕಿಕೊಂಡು ನಮ್ಮ ಪಕ್ಕದಿಂದ ಮೆಟ್ಟಿಲಿಳಿದು ಹೋದರು. ಅವಳು ಎದ್ದದ್ದು ಅವರೆಲ್ಲ ಹೋದ ಮೇಲೆ. "ಅವ್ವನ ಮುಂದ ಏನೂ ಹೇಳಿಲ್ರಿ. ಓದು ಇನ್ನಾ ನಡದದ ಅಂದೀನಿ," ಎಂದಳು.

ಖಾಜಾ ಈಗ ಒಂದು ಬೀಜ ಕಂಪನಿಯಲ್ಲಿದ್ದಾನೆ. ಮೌನೇಶ ಡಾಕ್ಟರ್ ಮೌನೇಶ. ಅವನ ಪ್ರಬಂಧದಲ್ಲಿ ಈರಮ್ಮನ ಹಾಡುಗಳಿವೆ, ನೀರಿಲ್ಲ. ಹುಲಿಗೆಮ್ಮ ಬೀದರ್ ಕಡೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಅದೇ ಪಾಠ ಮಾಡುತ್ತಾಳೆ.

ಮೊನ್ನೆ ಮಾನ್ವಿಯಲ್ಲಿ ಕೆಲಸ ಬೇಗ ಮುಗಿಯಿತು. ಮೂಗಿನಲ್ಲಿ ಬೆಂದ ಭತ್ತದ ಆ ವಾಸನೆ ಇನ್ನೂ ಇತ್ತು. ಹಿರೇಕೊಟ್ನೆಕಲ್ ಕಡೆಯ ಟಂಟಂ ಆಟೋ ಹತ್ತಿದೆ.

ಹೊಂಡ ಹೂಳು ತುಂಬಿ ದನ ಮಲಗುವ ಜಾಗವಾಗಿದೆ. ಊರಿಗೆ ಘಟಕ ಬಂದಿಲ್ಲ. ಈರಮ್ಮನ ಇನ್ನೊಂದು ಮಂಡಿಯೂ ಗಟ್ಟಿಯಾಗಿದೆ. ಗೋಡೆ ಹಿಡಿದು ಎದ್ದು ಬಂದು ನನಗೆ ಅದೇ ತಂಬಿಗೆಯಲ್ಲಿ ನೀರು ಕೊಟ್ಟಳು. ಯಾವ ನೀರು ಎಂದು ಕೇಳಲಿಲ್ಲ. ರುಚಿಯಿಂದ ಗೊತ್ತಾಯಿತು, ಈ ಸಲ ಪಂಪಿನದೇ.

"ಚಲೋ ಆತು ಬಂದಿ ಯಪ್ಪಾ. ಇವು ಒಯ್ದು ಅಕಿಗಿ ಮುಟ್ಟಸು," ಎಂದು ಕಾಳಿನ ಗುಡಾಣದ ಹಿಂದಿನ ನೆರಳಿಗೆ ಕರೆದೊಯ್ದಳು.

ಗೋಡೆಯುದ್ದಕ್ಕೂ ಬಾಟಲಿಗಳಿದ್ದವು. ಬಾಯಿತನಕ ತುಂಬಿದವು, ಬಿಗಿಯಾಗಿ ಮುಚ್ಚಿದವು. ಅವಳಿಗೆ ಬರೆಯಲು ಬರುವುದಿಲ್ಲ. ಪ್ರತಿಯೊಂದರ ಕುತ್ತಿಗೆಗೆ ಆ ತಿಂಗಳು ಕೂಲಿಗೆ ಹೋದ ಹೊಲದಿಂದ ಏನಾದರೂ ತಂದು ಕಟ್ಟಿದ್ದಳು. ಒಂದಕ್ಕೆ ಹತ್ತಿಯ ಅರಳೆ, ಒಂದಕ್ಕೆ ಭತ್ತದ ತೆನೆ, ಒಂದಕ್ಕೆ ತೊಗರಿ ಕಾಯಿ. ಕೂಲಿ ಇಲ್ಲದ ತಿಂಗಳಿಗೆ ಮನೆ ಮುಂದಿನ ಬೇವಿನ ಎಲೆ.

"ಎಲ್ಲಾ ಈ ಬೋರಿಂಗಿನ ನೀರೇ. ಮದ್ಲಿನಂಗ ಮಾಡಿಲ್ಲ," ಎಂದಳು.

ನಾನು ಹೊರಗೆ ಬಂದು ಬೇವಿನ ಕೆಳಗೆ ನಿಂತು ಹುಲಿಗೆಮ್ಮನಿಗೆ ಫೋನ್ ಮಾಡಿದೆ. ಬಾಟಲಿಗಳ ವಿಷಯ ಹೇಳಿದೆ.

"ಗೊತ್ತದ ಸರ್. ದೀಪಾವಳಿಗಿ ಊರಿಗಿ ಹೋದಾಗೆಲ್ಲ ಒಂದು ಚೀಲ ಇಲ್ಲಿಗಿ ತರ್ತೀನಿ. ಕಾಟಿನ ಬುಡಕ ಇಟ್ಟೀನಿ."

"ಪರೀಕ್ಷೆ ಮಾಡಿ ನೋಡಿದಿರಾ?"

"ನನಗ ಲ್ಯಾಬ್ ಎಲ್ಲದರಿ ಈಗ?"

"ಹಾಗಾದರೆ ಸಾಕು ಎಂದು ಅವರಿಗೆ ಹೇಳಲೇ? ಪಂಪು ಒತ್ತಲು ಕಷ್ಟವಾಗುತ್ತಿದೆ ಅವರಿಗೆ."

ಆ ಕಡೆ ಯಾವುದೋ ತರಗತಿಯ ಗದ್ದಲ ಕೇಳಿಸುತ್ತಿತ್ತು. ಅದು ದೂರವಾಯಿತು, ಅವಳು ಹೊರಗೆ ನಡೆದು ಬಂದಿರಬೇಕು.

"ಹೇಳಬ್ಯಾಡ್ರಿ," ಎಂದಳು. ಆಮೇಲೆ, "ಈ ತಿಂಗಳದ್ದು ತುಂಬ್ಯಾಳೇನ್ರಿ? ಬಾಯಿತನಕ ಅದ? ಒಳಗ ಗಾಳಿ ಕಾಣಸಂಗಿಲ್ಲಲ್ಲ?"

ಒಳಗೆ ಹೋದೆ. ಈರಮ್ಮ ಬಾಟಲಿಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲ ತುಂಬುತ್ತಿದ್ದಳು.

"ಏನಂತಾಳ ಮಗಳು?"

"ಬಾಯಿತನಕ ತುಂಬಬೇಕಂತೆ. ಗಾಳಿ ಇರಬಾರದಂತೆ."

"ಅದು ನನಗ ಗೊತ್ತದ," ಎಂದಳು ಈರಮ್ಮ. "ನೀ ಬಿಸಲಿಗಿ ಹಿಡೀಬ್ಯಾಡ ಮತ್ತ."